ಬಿಸಿನೀರಿಗೂ ಒಂದು ಕೌಲು

(1/9)
ಹೋದ ವಾರ ನಮ್ಮ ಕ್ಲಾಸ್ ಗ್ರೂಪಿಗೆ ಯಾರೋ ಒಂದು ರೀಲ್ ಹಾಕಿದ್ರು. ಜಪಾನಿಂದು. ಸಮುದ್ರದ ಅಂಚಿಗೇ ಒಂದು ಹಳೇ ಮರದ ವಸತಿಗೃಹ, ಅದರ ಮುಂದೆ ಕಲ್ಲಿನ ತೊಟ್ಟಿ, ತೊಟ್ಟಿ ತುಂಬ ಹಬೆಯಾಡೋ ನೀರು. ಒಬ್ಬ ಮನುಷ್ಯ ತಲೆ ಮೇಲೆ ಮಡಚಿದ ಸಣ್ಣ ಟವೆಲ್ ಇಟ್ಕೊಂಡು ಕುತ್ತಿಗೆವರೆಗೂ ಮುಳುಗಿ ಅಲೆ ನೋಡ್ತಾ ಕೂತಿದ್ದಾನೆ. ಕೆಳಗೆ ನಮ್ಮವರು ಬರೆದಿದ್ದು, "ಒಂದಿನ ಹೋಗ್ಲೇಬೇಕು." ಒಬ್ಬ ಮಾತ್ರ, "ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡಕ್ಕೆ ನಮ್ಮನೆ ಸಿಂಟೆಕ್ಸ್ ಟ್ಯಾಂಕಿನ ನಲ್ಲಿ ಬಿಡು, ಇದೇ ಫೀಲಿಂಗ್, ಫ್ರೀ."

ಬಳ್ಳಾರಿಯವರಿಗೆ ಈ ಜೋಕ್ ವಿವರಿಸೋದು ಬೇಡ. ನಮಗಿರೋದೇ ಎರಡು ಕಾಲ, ಬೇಸಿಗೆ ಮತ್ತೆ ಕಡು ಬೇಸಿಗೆ. ಆ ಜಪಾನಿ ತೊಟ್ಟಿಯ ನೀರು ಸಾಮಾನ್ಯವಾಗಿ 40-42 ಡಿಗ್ರಿ ಇರುತ್ತೆ. ಮೇ ತಿಂಗಳಲ್ಲಿ ನಮ್ಮ ಗಾಳಿಯೇ ಅಷ್ಟಿರುತ್ತೆ.

ಆದ್ರೆ ಆ ರೀಲ್ ನನ್ನ ತಲೆಯಿಂದ ಹೋಗ್ಲಿಲ್ಲ. ನಾನು ಜಪಾನಿಗೆ ಹೋಗಿಲ್ಲ, ಪಾಸ್‌ಪೋರ್ಟೂ ಇಲ್ಲ. ಸೆಮಿಸ್ಟರ್ ಪರೀಕ್ಷೆಗೆ ಓದೋದು ಬಿಟ್ಟು ಒಂದು ವಾರ ಈ ವಸತಿಗೃಹಗಳ ಇತಿಹಾಸ ಓದಿದೆ. ಅಪ್ಪಂಗೆ ಗೊತ್ತಿಲ್ಲ, ಯಾರೂ ಹೇಳಬೇಡ್ರಿ.

ಓದುವಾಗ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಿಗೆ ಬಂತು. ನೆಲದೊಳಗಿಂದ ಬರೋ ಆ ನೀರು ಯಾರದ್ದು? ಯಾರ ಜಾಗದಲ್ಲಿ ಉಕ್ಕುತ್ತೋ ಅವರದ್ದಾ? ದುಡ್ಡು ಹಾಕಿ ಕೊರೆದವರದ್ದಾ? ಇಡೀ ಊರಿಂದಾ?

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ನಾಲ್ಕು ವರ್ಷದಿಂದ ಇದೇ ಪ್ರಶ್ನೆಗೆ ಎರಡು ಮನೆಯವರು ಮಾತು ಬಿಟ್ಟಿದ್ದಾರೆ. ಅದರಲ್ಲಿ ಒಂದು ಮನೆ ನಮ್ಮದು. ಆ ಕಥೆ ಕೊನೆಗೆ ಹೇಳ್ತೀನಿ. ಮೊದಲು ಜಪಾನ್ ನೋಡ್ಕೊಂಡು ಬರೋಣ.

(2/9) ಒಂದು ರಾತ್ರಿ, ಎರಡು ಊಟ
ಎರಡು ಪದ ಕಲೀರಿ. ಓನ್ಸೆನ್ ಅಂದ್ರೆ ಬಿಸಿನೀರಿನ ಬುಗ್ಗೆ. ರ್ಯೋಕಾನ್ ಅಂದ್ರೆ ಸಾಂಪ್ರದಾಯಿಕ ವಸತಿಗೃಹ. ಓನ್ಸೆನ್ ಇರೋ ರ್ಯೋಕಾನ್‌ನಲ್ಲಿ ಒಂದು ರಾತ್ರಿ ಹೇಗಿರುತ್ತೆ ಅಂದ್ರೆ:

ಮಧ್ಯಾಹ್ನ ಮೂರರ ಸುಮಾರಿಗೆ ಹೋಗ್ತೀರಿ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಇದು ನಮಗೆ ಹೊಸದಲ್ಲ, ನಮ್ಮ ಅಜ್ಜಿಯೂ ಅದೇ ರೂಲ್ ಇಟ್ಟಿದ್ದಾಳೆ. ಮನೆಯ ಯಜಮಾನಿಗೆ ಓಕಾಮಿ ಅಂತಾರೆ, ಅವಳೇ ಬಂದು ಬಗ್ಗಿ ಬರಮಾಡಿಕೊಳ್ತಾಳೆ. ರೂಮಿನ ನೆಲಕ್ಕೆ ತತಾಮಿ, ಅಂದ್ರೆ ಹುಲ್ಲಿನಿಂದ ಮಾಡಿದ ದಪ್ಪ ಚಾಪೆ. ಮಂಚ ಇಲ್ಲ. ಒಂದು ಗಿಡ್ಡ ಮೇಜು, ಅದರ ಮೇಲೆ ಚಹಾ. ಹಾಕ್ಕೊಳ್ಳೋಕೆ ಯುಕಾತಾ ಅನ್ನೋ ಹತ್ತಿ ನಿಲುವಂಗಿ ಕೊಡ್ತಾರೆ. ದೊಡ್ಡ ಕಂಪನಿ ಮಾಲೀಕನೂ ಅದೇ ನಿಲುವಂಗಿ, ಅವನ ಗುಮಾಸ್ತನೂ ಅದೇ.

ಆಮೇಲೆ ಸ್ನಾನ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಇಲ್ಲಿ ಒಂದು ಕಟ್ಟುನಿಟ್ಟು ಇದೆ. ತೊಟ್ಟಿಗೆ ಇಳಿಯೋ ಮೊದಲು ಸಣ್ಣ ಸ್ಟೂಲ್ ಮೇಲೆ ಕೂತು ಸೋಪು ಹಾಕಿ ಮೈ ಪೂರ್ತಿ ತೊಳ್ಕೊಬೇಕು. ತೊಟ್ಟಿ ಇರೋದು ಕೊಳೆ ತೆಗೆಯೋಕಲ್ಲ, ಸುಮ್ನೆ ನೆನೆಯೋಕೆ. ಅದೇ ನೀರಿಗೆ ನಿಮ್ಮ ನಂತರ ಇನ್ನೊಬ್ಬರು ಇಳೀತಾರೆ. ಟವೆಲ್ ಕೂಡ ನೀರಿಗೆ ತಾಗಬಾರದು, ಅದಕ್ಕೇ ರೀಲಿನ ಆ ಮನುಷ್ಯ ತಲೆ ಮೇಲೆ ಇಟ್ಕೊಂಡಿದ್ದು.

ಸಂಜೆ ಆರೇಳಕ್ಕೆ ಊಟ. ಸಣ್ಣ ಸಣ್ಣ ಬಟ್ಟಲಲ್ಲಿ ಒಂದಾದ ಮೇಲೊಂದು ಬರುತ್ತೆ, ಸಮುದ್ರದ ಪಕ್ಕ ಆದ್ದರಿಂದ ಮೀನೇ ಹೆಚ್ಚು. ಊಟ ಮುಗಿಯೋದ್ರೊಳಗೆ ನೆಲದ ಮೇಲೆ ಹಾಸಿಗೆ ಹಾಸಿರ್ತಾರೆ. ಬೆಳಗ್ಗೆ ಇನ್ನೊಂದು ಸ್ನಾನ, ನಾಷ್ಟಾ, ಹತ್ತು ಗಂಟೆಗೆ ಜಾಗ ಖಾಲಿ. ಬಿಲ್ಲು ರೂಮಿಗಲ್ಲ, ತಲೆಗೆ ಲೆಕ್ಕ, ಎರಡು ಊಟ ಸೇರಿಸಿ.

ಬಿಕಾಂನವರು ಬಿಲ್ಲಿನ ಕೊನೇ ಸಾಲು ನೋಡ್ರಿ. ಅಲ್ಲಿ ಸ್ನಾನದ ತೆರಿಗೆ ಅಂತ ಇರುತ್ತೆ! ಸಾಮಾನ್ಯವಾಗಿ ಒಬ್ಬರಿಗೆ ದಿನಕ್ಕೆ 150 ಯೆನ್. ವಸತಿಗೃಹದವರು ವಸೂಲಿ ಮಾಡಿ ಊರಿನ ಆಡಳಿತಕ್ಕೆ ಕಟ್ತಾರೆ. ಬುಗ್ಗೆಯ ರಕ್ಷಣೆ, ನೈರ್ಮಲ್ಯ, ಬೆಂಕಿ ಆರಿಸೋ ವ್ಯವಸ್ಥೆ, ಪ್ರವಾಸೋದ್ಯಮ, ಇಂಥದ್ದಕ್ಕೇ ಆ ದುಡ್ಡು ಅಂತ ಕಾನೂನಿನಲ್ಲೇ ಬರೆದಿದೆ. ನೀರಲ್ಲಿ ಕೂತವರಿಂದಲೇ ನೀರು ಕಾಯೋ ಖರ್ಚು. ಈ ತೆರಿಗೆ ನೆನಪಿಟ್ಕೊಳ್ರಿ, ಮುಂದೆ ಬೇಕಾಗುತ್ತೆ.

(3/9) ಬಿಸಿನೀರಿಗೆ ಹೋದ ರಾಜಕುಮಾರ
ಇದು ಎಷ್ಟು ಹಳೇ ಪದ್ಧತಿ? ಸಮುದ್ರದ ಪಕ್ಕದ್ದೇ ಒಂದು ಹಳೇ ಕಥೆ ಇದೆ. ವಾಕಾಯಾಮಾ ಪ್ರಾಂತ್ಯದ ಶಿರಾಹಾಮಾ. ಆಗ ಆ ಬುಗ್ಗೆಗೆ ಮುರೋ ಅಂತ ಹೆಸರು. ಕ್ರಿ.ಶ. 720ರಲ್ಲಿ ಮುಗಿದ 'ನಿಹೋನ್ ಶೋಕಿ' ಅನ್ನೋ ಜಪಾನಿನ ಹಳೇ ಚರಿತ್ರೆಯಲ್ಲಿ ಇದು ಬರುತ್ತೆ.

ಅರಿಮಾ ಅಂತ ಒಬ್ಬ ರಾಜಕುಮಾರ. ಅರಮನೆಯಲ್ಲಿ ಅವನಿಗೆ ಶತ್ರುಗಳು ಜಾಸ್ತಿ. 657ರಲ್ಲಿ ಅವನು ತಲೆ ಕೆಟ್ಟವನ ಹಾಗೆ ನಟಿಸ್ತಾ, ವಾಸಿ ಮಾಡ್ಕೊಳ್ಳೋ ನೆಪದಲ್ಲಿ ಮುರೋ ಬಿಸಿನೀರಿಗೆ ಹೋದ. ವಾಪಸ್ ಬಂದು, ಆ ಜಾಗ ನೋಡಿದ್ರೇನೇ ಕಾಯಿಲೆ ಹೋಗುತ್ತೆ ಅಂತ ಹೊಗಳಿದ. ಕೇಳಿದ ಸಾಮ್ರಾಜ್ಞಿ ಸೈಮೇಗೂ ಆಸೆ ಆಯ್ತು. 658ರಲ್ಲಿ ಅವಳೇ ಪರಿವಾರ ಸಮೇತ ಹೊರಟಳು. ಅವಳು ಅಲ್ಲಿದ್ದಾಗ ರಾಜಧಾನಿಯಲ್ಲಿ ಅರಿಮಾನನ್ನ ದಂಗೆಯ ಮಾತಿಗೆಳೆದು ಸಿಕ್ಕಿಸಿಹಾಕಿದ್ರು. ವಿಚಾರಣೆಗೆ ಕರ್ಕೊಂಡು ಹೋಗಿದ್ದು ಎಲ್ಲಿಗೆ? ಅವನೇ ಹೊಗಳಿದ ಆ ಬಿಸಿನೀರಿನ ಊರಿಗೆ. ವಾಪಸ್ ಬರೋ ದಾರಿಯಲ್ಲಿ ಕೊಂದುಹಾಕಿದ್ರು. ಅವನಿಗೆ 20 ತುಂಬಿರ್ಲಿಲ್ಲ. ನಮ್ಮ ಬ್ಯಾಚಿನವನು.

ಆ ಹೊತ್ತಿಗೆ ನಮ್ಮ ಕಡೆ ಏನಾಗ್ತಿತ್ತು ಗೊತ್ತಾ? ಪಲ್ಲವರು 642ರಲ್ಲಿ ಕಿತ್ಕೊಂಡಿದ್ದ ಬಾದಾಮಿಯನ್ನ ಇಮ್ಮಡಿ ಪುಲಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ಬಿಡಿಸಿಕೊಂಡು ಎರಡು ಮೂರು ವರ್ಷ ಆಗಿತ್ತು ಅಷ್ಟೇ. ಅಷ್ಟು ಹಳೇ ಕಾಲ. ಶಿರಾಹಾಮಾದಲ್ಲಿ ಇವತ್ತಿಗೂ ಸಾಕಿ-ನೋ-ಯು ಅನ್ನೋ ತೊಟ್ಟಿ ಇದೆ. ಬಂಡೆಯಲ್ಲೇ ಇರೋ ಬಯಲು ಸ್ನಾನ, ಪಕ್ಕದಲ್ಲೇ ಪೆಸಿಫಿಕ್ ಸಾಗರ. ಅಲೆ ಜೋರಾದ ದಿನ ಬಾಗಿಲು ಹಾಕ್ತಾರೆ.

ವಸತಿಗೃಹಗಳ ವಯಸ್ಸೂ ಕಮ್ಮಿ ಇಲ್ಲ. ಯಾಮಾನಾಶಿ ಪ್ರಾಂತ್ಯದ ಬೆಟ್ಟದ ನಡುವೆ ಕೇಯುನ್‌ಕಾನ್ ಅಂತ ಒಂದಿದೆ. ಅದು ಸಮುದ್ರದ ಪಕ್ಕ ಇಲ್ಲ, ಆದ್ರೂ ಹೇಳಲೇಬೇಕು. 705ರಲ್ಲಿ ಶುರುವಾಗಿದ್ದು, ಜಗತ್ತಿನ ಅತಿ ಹಳೇ ಹೋಟೆಲ್ ಅಂತ ಗಿನ್ನೆಸ್ ದಾಖಲೆ. ಅಕೌಂಟಿಂಗ್ ಕ್ಲಾಸಲ್ಲಿ 'ಗೋಯಿಂಗ್ ಕನ್ಸರ್ನ್' ಅಂತ ಓದ್ತೀವಲ್ಲ, ವ್ಯವಹಾರ ಮುಂದೆ ನಡೀತಾನೇ ಇರುತ್ತೆ ಅಂತ ಅಂದ್ಕೊಂಡು ಲೆಕ್ಕ ಬರೆಯೋದು. ಸಾವಿರದ ಮುನ್ನೂರು ವರ್ಷದ ಉದಾಹರಣೆ ಯಾವ ಟೆಕ್ಸ್ಟ್‌ಬುಕ್ಕಲ್ಲೂ ನೋಡಿರ್ಲಿಲ್ಲ.

(4/9) ಕಟ್ಟಿಗೆ ದುಡ್ಡು ಕೊಟ್ರೆ ಸಾಕು
ಆಗೆಲ್ಲ ಒಂದು ರಾತ್ರಿಗೆ ಯಾರೂ ಹೋಗ್ತಿರ್ಲಿಲ್ಲ. ತೋಜಿ ಅಂತ ಒಂದು ಪದ್ಧತಿ ಇತ್ತು, ಬಿಸಿನೀರಿನ ಚಿಕಿತ್ಸೆ. ಏಳು ದಿನಕ್ಕೆ ಒಂದು ಸುತ್ತು. ಪೂರ್ತಿ ವಾಸಿ ಆಗ್ಬೇಕಂದ್ರೆ ಮೂರು ಸುತ್ತು. ರೈತರು ಹೊಲದ ಕೆಲಸ ಮುಗಿದ ಮೇಲೆ ಅಕ್ಕಿ ಕಟ್ಕೊಂಡು ಹೋಗಿ ಅಲ್ಲೇ ಅಡುಗೆ ಮಾಡ್ಕೊಂಡು ಸೊಂಟನೋವು, ಮಂಡಿನೋವು ಇಳಿಯೋವರೆಗೂ ಇರ್ತಿದ್ರು.

ವಸತಿಗೃಹ ದೊಡ್ಡ ವ್ಯಾಪಾರ ಆಗಿದ್ದು 17ನೇ ಶತಮಾನದಲ್ಲಿ. ತೋಕುಗಾವಾ ಶೋಗನ್‌ಗಳು 1635ರಲ್ಲಿ ಒಂದು ನಿಯಮ ಕಾಯಂ ಮಾಡಿದ್ರು. ಪಾಳೇಗಾರರು ಸರದಿ ಪ್ರಕಾರ ರಾಜಧಾನಿ ಎದೋಗೆ, ಅಂದ್ರೆ ಇವತ್ತಿನ ಟೋಕಿಯೋಗೆ, ಬಂದು ಇರಬೇಕು. ದಂಗೆ ಏಳಬಾರದು ಅಂತ ಮಾಡಿದ ಉಪಾಯ. ಪರಿಣಾಮ ಏನಾಯ್ತು? ರಸ್ತೆ ತುಂಬ ನೂರಾರು ಜನರ ಮೆರವಣಿಗೆ. ಅವರಿಗೆಲ್ಲ ರಾತ್ರಿ ಮಲಗೋಕೆ ಜಾಗ ಬೇಕು. ತೋಕಾಯ್ದೋ ಹೆದ್ದಾರಿಯೊಂದರಲ್ಲೇ 53 ತಂಗುದಾಣದ ಊರುಗಳು. ದೊರೆಗಳಿಗೆ ಒಂದು ತರದ ಮನೆ. ಸಾಮಾನ್ಯ ಜನಕ್ಕೆ ಊಟ ಸಮೇತ ಹತಾಗೋ. ಅದಕ್ಕೂ ಕೈಯಲ್ಲಿ ಕಾಸಿಲ್ಲದವರಿಗೆ ಕಿಚಿನ್‌ಯಾದೋ. ಕಿಚಿನ್ ಅಂದ್ರೆ ಕಟ್ಟಿಗೆ ದುಡ್ಡು. ಕಟ್ಟಿಗೆಗೆ ಮಾತ್ರ ಕಾಸು ಕೊಟ್ಟು ತಮ್ಮ ಅಕ್ಕಿ ತಾವೇ ಬೇಯಿಸ್ಕೊಂಡು ಮಲಗೋ ಜಾಗ.

ಇದು ಓದಿದ ಕೂಡ್ಲೇ ನನಗೆ ನಮ್ಮ ಛತ್ರಗಳು ನೆನಪಾದ್ವು. ಬೆಂಗಳೂರು ರೈಲ್ವೆ ಸ್ಟೇಷನ್ ಹತ್ತಿರದ ಗುಬ್ಬಿ ತೋಟದಪ್ಪನವರ ಛತ್ರ ನಿಮಗೆಲ್ಲ ಗೊತ್ತು. ನಮ್ಮಲ್ಲಿ ದಾರಿಹೋಕರಿಗೆ ಜಾಗ ಕೊಡೋದು ಪುಣ್ಯದ ಖಾತೆಗೆ ಹೋಗ್ತಿತ್ತು. ಒಬ್ಬ ದಾನಿ ಇರ್ತಿದ್ದ, ಅವನ ಹೆಸರು ಕಲ್ಲಿನ ಮೇಲೆ ಇರ್ತಿತ್ತು. ಜಪಾನಿನಲ್ಲಿ ಅದು ವ್ಯಾಪಾರದ ಖಾತೆಗೆ ಹೋಯ್ತು. ಎರಡೂ ಒಳ್ಳೇದೇ. ಆದ್ರೆ ವ್ಯಾಪಾರ ಅಂದ ಮೇಲೆ ಪೈಪೋಟಿ ಬರುತ್ತೆ, ಪೈಪೋಟಿ ಬಂದ ಮೇಲೆ 'ನೀರು ಯಾರದ್ದು' ಅನ್ನೋ ಜಗಳವೂ ಬರುತ್ತೆ.

ಆ ಕಾಲದ ಸ್ಟಾರ್ ಅಂದ್ರೆ ಅತಾಮಿ. ಸಾಗಾಮಿ ಕೊಲ್ಲಿಯ ದಡದಲ್ಲಿದೆ. ಹೆಸರಿನ ಅಕ್ಷರಗಳ ಅರ್ಥವೇ 'ಬಿಸಿ ಸಮುದ್ರ'. ಮೊದಲ ತೋಕುಗಾವಾ ಶೋಗನ್ ಇಯೆಯಾಸು 1604ರಲ್ಲಿ ಇಬ್ಬರು ಮಕ್ಕಳ ಜೊತೆ ಬಂದು ಏಳು ದಿನ ಇದ್ದ. ಮುಂದಿನ ಶೋಗನ್‌ಗಳ ಕಾಲದಲ್ಲಿ ಅತಾಮಿಯ ಬಿಸಿನೀರನ್ನೇ ಮರದ ಪೀಪಾಯಿಗಳಲ್ಲಿ ತುಂಬಿ ಸುಮಾರು 100 ಕಿ.ಮೀ. ದೂರದ ಎದೋ ಕೋಟೆಗೆ ಹೊತ್ತು ತರ್ತಿದ್ರು. ನೀರಿನ ಟ್ಯಾಂಕರ್ ಅನ್ನೋದು ಹೊಸ ಐಡಿಯಾ ಅಲ್ಲವೇ ಅಲ್ಲ.

(5/9) ಟೋಬಿ ಮತ್ತೆ ಸುರಂಗ
ಅತಾಮಿಯಲ್ಲಿ ಓಯು ಅಂತ ಒಂದು ದೊಡ್ಡ ಬುಗ್ಗೆ ಇತ್ತು. ಆಗಾಗ ಭುಸ್ ಅಂತ ಕುದಿನೀರು, ಹಬೆ ಚಿಮ್ಮಿಸ್ತಿತ್ತು. 1860ರಲ್ಲಿ ಬ್ರಿಟಿಷ್ ರಾಯಭಾರಿ ರುದರ್‌ಫರ್ಡ್ ಆಲ್ಕಾಕ್ ಫ್ಯೂಜಿ ಪರ್ವತ ಹತ್ತಿ ಇಳಿದ ಮೇಲೆ ಸುಧಾರಿಸ್ಕೊಳ್ಳೋಕೆ ಅತಾಮಿಗೆ ಬಂದ. ಜೊತೆಗೆ ಅವನ ನಾಯಿ ಟೋಬಿ. ಬುಗ್ಗೆ ಚಿಮ್ಮೋ ಹೊತ್ತಿಗೆ ಟೋಬಿ ಹತ್ತಿರ ಹೋಗಿ ಸುಟ್ಟು ಸತ್ತೋಯ್ತು. ಊರಿನವರು ಮನುಷ್ಯರಿಗೆ ಮಾಡೋ ಹಾಗೆ ಗೌರವದಿಂದ ಮಣ್ಣು ಮಾಡಿದ್ರು. ಟೋಬಿ ಹೆಸರಿನ ಕಲ್ಲು ಇವತ್ತಿಗೂ ಬುಗ್ಗೆ ಪಕ್ಕದಲ್ಲಿದೆ. (ಇಲ್ಲಿ ನಾನೂ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.)

ಟೋಬಿ ಕಲ್ಲು ಉಳೀತು, ಬುಗ್ಗೆ ಉಳೀಲಿಲ್ಲ. 20ನೇ ಶತಮಾನದ ಮೊದಲ ಭಾಗದಲ್ಲಿ ಅದು ಕಮ್ಮಿಯಾಗ್ತಾ ಬಂದು ಪೂರ್ತಿ ನಿಂತೇಹೋಯ್ತು. ಇವತ್ತು ಪ್ರವಾಸಿಗಳು ಫೋಟೋ ತೆಗೆಯೋದು 1962ರಲ್ಲಿ ಸರಿಪಡಿಸಿ ಕೃತಕವಾಗಿ ಚಿಮ್ಮಿಸ್ತಿರೋ ನೀರನ್ನ.

ಅತಾಮಿಗೆ ಜನ ಸಾಗರದ ಹಾಗೆ ಬಂದಿದ್ದು ರೈಲಿನಿಂದ. ಬೆಟ್ಟ ಕೊರೆದು ತಾನ್ನಾ ಸುರಂಗ ಮಾಡಿದ್ರು. 1918ರಲ್ಲಿ ಶುರು, 1934ರ ಡಿಸೆಂಬರ್‌ನಲ್ಲಿ ಮೊದಲ ರೈಲು. ಉದ್ದ 7.8 ಕಿ.ಮೀ., ಹಿಡಿದ ಕಾಲ 16 ವರ್ಷ, ಸತ್ತ ಕೆಲಸಗಾರರು 67. ಒಳಗೆ ಕೊರೀತಾ ಹೋದ ಹಾಗೆ ನೀರು ನುಗ್ಗಿ ನುಗ್ಗಿ ಬರ್ತಿತ್ತು. ಆ ನೀರು ಎಲ್ಲಿಂದ ಬಂತು? ಸುರಂಗದ ಮೇಲೆ ತಾನ್ನಾ ಅನ್ನೋ ಕಣಿವೆ ಇದೆ. ಭತ್ತ, ವಸಾಬಿ ಬೆಳೀತಿದ್ದ ನೀರಿನ ಸಮೃದ್ಧಿಯ ಊರು. ಕೆಳಗೆ ಸುರಂಗ ಮುಂದೆ ಹೋದಂಗೆ ಮೇಲೆ ತೊರೆಗಳು ಬತ್ತಿದ್ವು, ಗದ್ದೆ ಒಣಗಿದ್ವು. ರೈತರು ಬೀದಿಗಿಳಿದ್ರು, ರೈಲ್ವೆಯವರು ಪರಿಹಾರ ಕೊಡಬೇಕಾಯ್ತು. ಹೋದ ನೀರು ವಾಪಸ್ ಬರ್ಲಿಲ್ಲ. ಆ ಊರು ಭತ್ತ ಬಿಟ್ಟು ಹಸು ಸಾಕೋಕೆ ಶುರು ಮಾಡ್ತು, ಈಗ ಹಾಲಿಗೆ ಹೆಸರುವಾಸಿ.

1964ರಲ್ಲಿ ಬುಲೆಟ್ ರೈಲು ಶುರುವಾದಾಗ ಅತಾಮಿಗೂ ಸ್ಟೇಷನ್ ಸಿಕ್ತು. ಕಂಪನಿಗಳು ನೌಕರರನ್ನ ಬಸ್ಸು, ರೈಲು ತುಂಬ ಕರ್ಕೊಂಡು ಬರ್ತಿದ್ವು. ಸಮುದ್ರ ನೋಡ್ಕೊಂಡು ಬಿಸಿನೀರಲ್ಲಿ ಕೂತವರಲ್ಲಿ ಎಷ್ಟು ಜನಕ್ಕೆ ಆ ಸುರಂಗದ ಮೇಲಿನ ಗದ್ದೆಗಳ ಕಥೆ ಗೊತ್ತಿತ್ತೋ.

ಒಬ್ಬರು ಇಲ್ಲಿ ಕೊರೆದ್ರೆ ಇನ್ನೊಬ್ಬರದ್ದು ಅಲ್ಲಿ ಬತ್ತುತ್ತೆ. ಬೋರ್‌ವೆಲ್ ಊರಿನವರು ನಾವು, ನಮಗೆ ಇದನ್ನ ಬಿಡಿಸಿ ಹೇಳ್ಬೇಕಾ?

(6/9) ಊರೇ ಒಂದು ವಸತಿಗೃಹ
ಈಗ ಜಪಾನಿನ ಇನ್ನೊಂದು ಮಗ್ಗುಲಿಗೆ ಬನ್ನಿ. ಇಲ್ಲೀವರೆಗೂ ನೋಡಿದ್ದು ಪೆಸಿಫಿಕ್ ಕಡೆ. ಹಿಂದುಗಡೆ ಜಪಾನ್ ಸಮುದ್ರ, ಚಳಿಗಾಲದಲ್ಲಿ ಹಿಮ, ಬಲೆ ತುಂಬ ಏಡಿ. ಆ ಕಡೆ ಹ್ಯೋಗೋ ಪ್ರಾಂತ್ಯದಲ್ಲಿ, ನದಿ ಸಮುದ್ರ ಸೇರೋ ಜಾಗದಿಂದ ಸ್ವಲ್ಪವೇ ಒಳಗೆ ಕಿನೋಸಾಕಿ ಅನ್ನೋ ಊರಿದೆ. ದೋಚಿ ಅನ್ನೋ ಸನ್ಯಾಸಿ ಸಾವಿರ ದಿನ ಪ್ರಾರ್ಥನೆ ಮಾಡಿ 720ರಲ್ಲಿ ಇಲ್ಲಿ ಬಿಸಿನೀರು ತರಿಸಿದ ಅಂತ ಐತಿಹ್ಯ.

ಈ ಊರಿನ ವಿಶೇಷ ಏನಂದ್ರೆ, ವಸತಿಗೃಹಗಳ ಒಳಗೆ ಬಿಸಿನೀರಿನ ತೊಟ್ಟಿಯೇ ಇರ್ತಿರ್ಲಿಲ್ಲ. ಊರಿಗೆ ಸೇರಿದ ಸಾರ್ವಜನಿಕ ಸ್ನಾನಗೃಹಗಳಿದ್ವು, ಈಗ ಅಂಥವು ಏಳಿವೆ. ಅದಕ್ಕೆ ಸೋತೋಯು, ಅಂದ್ರೆ ಹೊರಗಿನ ಸ್ನಾನ ಅಂತ ಹೆಸರು. ನೀವು ಯಾವ ಮನೆಯಲ್ಲಾದ್ರೂ ಉಳೀರಿ, ಸ್ನಾನಕ್ಕೆ ಬೀದಿಗೆ ಬರ್ಲೇಬೇಕು. ಸಂಜೆ ಆದ್ರೆ ಎಲ್ಲರೂ ಯುಕಾತಾ ಹಾಕ್ಕೊಂಡು, ಮರದ ಚಪ್ಪಲಿ ಟಕ್ ಟಕ್ ಅನ್ನಿಸ್ತಾ ಕಾಲುವೆ ಪಕ್ಕದ ಬೀದಿಯಲ್ಲಿ ಓಡಾಡ್ತಾರೆ. ಅಲ್ಲಿನವರು ಹೇಳೋದು, ಊರೇ ಒಂದು ವಸತಿಗೃಹ ಅಂತ. ರೈಲ್ವೆ ಸ್ಟೇಷನ್ ಅದರ ಬಾಗಿಲು, ರಸ್ತೆಗಳು ಪಡಸಾಲೆ, ಒಂದೊಂದು ರ್ಯೋಕಾನ್ ಒಂದೊಂದು ರೂಮು, ಸೋತೋಯುಗಳೇ ಬಚ್ಚಲುಮನೆ.

ಬೀದಿಗೆ ಬಂದವರು ಸುಮ್ನೆ ಇರ್ತಾರಾ? ತಿಂಡಿ ತಿಂತಾರೆ, ಆಟಿಕೆ ಕೊಳ್ತಾರೆ. ಹೀಗಾಗಿ ಬಿಸಿನೀರು ವಸತಿಗೃಹದವರನ್ನಷ್ಟೇ ಸಾಕ್ತಿರ್ಲಿಲ್ಲ, ಅಂಗಡಿಯವನನ್ನೂ ಚಪ್ಪಲಿ ಮಾಡೋನನ್ನೂ ಸಾಕ್ತಿತ್ತು.

1925ರ ಮೇ 23ಕ್ಕೆ ಭೂಕಂಪ ಆಯ್ತು, ಹಿಂದೆಯೇ ಬೆಂಕಿ. ಊರು ಸುಟ್ಟುಹೋಯ್ತು. ಬೂದಿಯಿಂದ ಮತ್ತೆ ಕಟ್ಟೋಕೆ ಶುರು ಮಾಡಿದ್ರು. ಆಗ 1927ರಲ್ಲಿ ಒಂದು ಹಳೇ, ಹೆಸರಾಂತ ವಸತಿಗೃಹದವರು ತಮ್ಮ ಜಾಗದಲ್ಲಿ ಸಿಕ್ಕಿದ ಬಿಸಿನೀರನ್ನ ತಮ್ಮ ಮನೆಯೊಳಗೇ ತೊಟ್ಟಿಗೆ ಬಿಟ್ಟುಕೊಂಡ್ರು. ಉಚಿಯು, ಒಳಗಿನ ಸ್ನಾನ.

ಊರು ಸಿಡಿದೆದ್ದಿತು.

(7/9) 23 ವರ್ಷ
ಎರಡೂ ಕಡೆಯ ವಾದ ಕೇಳ್ರಿ, ನ್ಯಾಯ ನೀವೇ ಹೇಳ್ರಿ.

ವಸತಿಗೃಹದವರು: ಜಾಗ ನಮ್ಮದು. ನಮ್ಮ ಜಾಗದ ನೀರು ನಮ್ಮದು. ಬಂದ ಅತಿಥಿ ಹಿಮದಲ್ಲಿ ಬೀದಿಗೆ ಹೋಗಿ ಸ್ನಾನ ಮಾಡ್ಬೇಕಾ?

ಊರಿನವರು: ಜಾಗ ನಿಮ್ಮದು, ಕೆಳಗಿನ ನೀರು ಊರಿಂದು. ಇವತ್ತು ನೀವು ಒಳಗೆ ತಗೊಂಡ್ರೆ ನಾಳೆ ಎಲ್ಲರೂ ತಗೋತಾರೆ. ಸೋತೋಯುಗಳಿಗೆ ನೀರು ಸಾಲಲ್ಲ. ದೊಡ್ಡ ಮನೆಯವರು ದೊಡ್ಡ ತೊಟ್ಟಿ ಕಟ್ತಾರೆ, ಸಣ್ಣವರು ಮುಳುಗ್ತಾರೆ, ಬೀದಿ ಖಾಲಿ ಆಗುತ್ತೆ.

ನಾನು ಎರಡು ದಿನ ಯೋಚನೆ ಮಾಡಿದೆ. ಇಬ್ಬರೂ ಸರಿ ಅನ್ಸುತ್ತೆ, ಅದೇ ಕಷ್ಟ. ಜಗಳ ಕೋರ್ಟ್ ಮೆಟ್ಟಿಲು ಹತ್ತಿತು. ನಡುವೆ ಒಂದು ಮಹಾಯುದ್ಧ ಬಂತು, ಜಪಾನ್ ಸೋತಿತು, ಸರ್ಕಾರವೇ ಬದಲಾಯ್ತು, ಕಿನೋಸಾಕಿ ಜಗಳ ಮಾತ್ರ ಹಾಗೇ ಇತ್ತು. ಕೊನೆಗೆ 1950ರಲ್ಲಿ ರಾಜಿ. 1927ರಿಂದ ಲೆಕ್ಕ ಹಾಕಿದ್ರೆ 23 ವರ್ಷ.

ರಾಜಿಯ ತಿರುಳು ಇಷ್ಟು. ಬಿಸಿನೀರು ಊರಿನ ಸಾಮೂಹಿಕ ಆಸ್ತಿ, ನಿರ್ವಹಣೆ ಊರಿನ ಕೈಯಲ್ಲಿ. ಅದನ್ನ ಒಪ್ಪಿಕೊಂಡ ಮೇಲೆ ವಸತಿಗೃಹಗಳೂ ಒಳಗೆ ತೊಟ್ಟಿ ಇಟ್ಕೊಬಹುದು, ಆದ್ರೆ ಅಳತೆಗೆ ಮಿತಿ ಇರುತ್ತೆ. ಮುಂದೆ ಬುಗ್ಗೆಗಳ ನೀರನ್ನ ಒಟ್ಟಿಗೆ ಸೇರಿಸಿ ಪೈಪಿನಲ್ಲಿ ಎಲ್ಲರಿಗೂ ಹಂಚೋ ವ್ಯವಸ್ಥೆ ಮಾಡಿದ್ರು. ಒಳಗಿನ ತೊಟ್ಟಿ ಸಣ್ಣದು ಆದ್ದರಿಂದ ಅತಿಥಿಗಳು ಇವತ್ತಿಗೂ ಬೀದಿಗೆ ಬರ್ತಾರೆ. ಅಲ್ಲಿ ಉಳಿದವರಿಗೆ ಏಳೂ ಸೋತೋಯುಗಳಿಗೆ ಫ್ರೀ ಪಾಸ್. ಯಾರೂ ಪೂರ್ತಿ ಗೆಲ್ಲಲಿಲ್ಲ, ಊರು ಉಳೀತು.

ಅದೇ ಹೊತ್ತಿಗೆ ದೇಶದ ಮಟ್ಟದಲ್ಲೂ ಕಾನೂನು ಬಂತು. 1948ರ ಓನ್ಸೆನ್ ಕಾಯ್ದೆ. ಓನ್ಸೆನ್ ಅನ್ನಿಸ್ಕೊಬೇಕಂದ್ರೆ ನೆಲದಿಂದ ಬರೋವಾಗ ನೀರು 25 ಡಿಗ್ರಿಯಾದ್ರೂ ಇರ್ಬೇಕು, ಇಲ್ಲಾ ಪಟ್ಟಿಯಲ್ಲಿರೋ 19 ಪದಾರ್ಥಗಳಲ್ಲಿ ಒಂದಾದ್ರೂ ನಿಗದಿತ ಪ್ರಮಾಣದಲ್ಲಿ ಇರ್ಬೇಕು. ಬಿಸಿನೀರಿಗೆ ಹೊಸದಾಗಿ ಕೊರೆಯೋಕೆ ಪ್ರಾಂತ್ಯದ ಗವರ್ನರ್ ಅನುಮತಿ ಬೇಕು. ಅಕ್ಕಪಕ್ಕದ ಬುಗ್ಗೆಗೆ ಧಕ್ಕೆ ಆಗುತ್ತೆ ಅಂದ್ರೆ ಅನುಮತಿ ಇಲ್ಲ.

ಈಗ ಆ 150 ಯೆನ್ ತೆರಿಗೆ ನೆನಪಿಸ್ಕೊಳ್ರಿ. ರೀಲಿನಲ್ಲಿ ನೀರು, ಕಲ್ಲು, ಅಲೆ ಕಾಣುತ್ತೆ. ಅದರ ಹಿಂದೆ ಒಂದು ಒಪ್ಪಂದ, ಒಂದು ಕಾಯ್ದೆ, ಒಂದು ತೆರಿಗೆ, 23 ವರ್ಷದ ಮುನಿಸು ಇದೆ. ಅದು ಕ್ಯಾಮೆರಾಗೆ ಸಿಗಲ್ಲ.

(8/9) ನಮ್ಮದೇ ಬಿಸಿನೀರು
ನಮ್ಮ ರಾಜ್ಯದಲ್ಲೂ ಒಂದು ಬಿಸಿನೀರಿನ ಬುಗ್ಗೆ ಇದೆ ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ದಕ್ಷಿಣ ಕನ್ನಡ ಜಿಲ್ಲೆ ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದಲ್ಲಿದೆ, ಹೆಸರು ಬೆಂದ್ರ್ ತೀರ್ಥ. ತುಳುವಿನಲ್ಲಿ ಬೆಂದ್ರ್ ಅಂದ್ರೆ ಬಿಸಿನೀರು. ಗಂಧಕದ ವಾಸನೆಯ, ಮೈ ಬೆಚ್ಚಗಾಗುವಷ್ಟು ಬಿಸಿಯ ನೀರು. ಒಂದು ಕೆರೆಯ ಹಾಗೆ ಕಲ್ಲು ಕಟ್ಟಿದ್ದಾರೆ. ಚರ್ಮದ ಕಾಯಿಲೆ ಹೋಗುತ್ತೆ ಅಂತ ನಂಬಿ ಜನ ಮುಳುಗೋಕೆ ಬರ್ತಿದ್ರು. ತೋಜಿ ಅಂತ ಹೆಸರಿಲ್ಲದೇ ಇದ್ರೂ ಅದೇ ನಂಬಿಕೆ, ಅದೇ ನೀರು.

ಆ ಬುಗ್ಗೆ ಈಗ ಮೊದಲಿನ ಹಾಗಿಲ್ಲ. ಸುತ್ತಮುತ್ತ ಕೊಳವೆಬಾವಿಗಳು ಜಾಸ್ತಿಯಾದ ಮೇಲೆ ನೀರೂ ಬಿಸಿಯೂ ಕಮ್ಮಿ ಆಯ್ತು ಅಂತ ಅಲ್ಲಿನವರ ದೂರು ಪತ್ರಿಕೆಗಳಲ್ಲಿ ಬಂದಿದೆ. ಕೊರೆದವರು ಕೆಟ್ಟವರೇನಲ್ಲ. ತೋಟ ಒಣಗ್ತಿದ್ರೆ ಯಾರಾದ್ರೂ ಕೊರೆಸ್ತಾರೆ. ಕಿನೋಸಾಕಿಯಲ್ಲಿ 23 ವರ್ಷ ಜಗಳ ಆಡೋಕಾದ್ರೂ 'ಇದು ಊರಿನ ನೀರು' ಅಂತ ಹೇಳೋ ಒಂದು ಊರು ಎದ್ದು ನಿಂತಿತು. ಇಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ರು.

ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ, ಅಧಿಸೂಚಿತ ಪ್ರದೇಶಗಳಲ್ಲಿ ಬೋರ್ ಕೊರೆಸೋಕೆ ಅನುಮತಿ ಬೇಕು. ಆದ್ರೆ ಕಾಯ್ದೆ ಪುಸ್ತಕದಲ್ಲಿರುತ್ತೆ, ಬೋರ್ ಲಾರಿ ರಾತ್ರಿ ಹೊತ್ತು ಓಣಿಯಲ್ಲಿರುತ್ತೆ.

ಹಂಚಿಕೊಳ್ಳೋ ನೀರು ನಮಗೆ ಹೊಸದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಟ್ ಆಗಿ ಕೊಚ್ಚಿಹೋದಾಗ ನೆನಪಿದೆಯಲ್ಲ? ಸಿರುಗುಪ್ಪದ ಗದ್ದೆಯವರೂ ಕುರುಗೋಡಿನವರೂ ನಾವೂ, ಆಚೆ ಆಂಧ್ರ, ತೆಲಂಗಾಣದವರೂ ಒಂದೇ ನ್ಯೂಸ್ ನೋಡ್ತಾ ಕೂತಿದ್ವಿ. ಡ್ಯಾಮಿನ ನೀರು ಕಣ್ಣಿಗೆ ಕಾಣುತ್ತೆ, ಹಾಗಾಗಿ ಅದು ಎಲ್ಲರದ್ದು ಅಂತ ಗೊತ್ತಾಗುತ್ತೆ. ನೆಲದೊಳಗಿಂದು ಕಾಣಲ್ಲ. ಕಾಣದ್ದನ್ನ 'ನಂದು' ಅನ್ನೋದು ಸುಲಭ.

(9/9) ನಮ್ಮ ಓಣಿ
ಈಗ ಹೇಳ್ತೀನಿ ಅಂದ ಕಥೆ.

ನಮ್ಮ ಓಣಿಯಲ್ಲಿ ನಾಲ್ಕು ಮನೆಗೆ ಒಂದು ಬೋರ್ ಇತ್ತು. ತಾತ ಮತ್ತೆ ಎದುರು ಮನೆ ಮಾಮನ ತಂದೆ ಸೇರಿ ಹಾಕಿಸಿದ್ದು. ಯಾರು ಎಷ್ಟೊತ್ತಿಗೆ ಮೋಟರ್ ಹಾಕ್ಬೇಕು ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿರ್ತಿತ್ತು. ಕರೆಂಟ್ ಬಿಲ್ಲು ನಾಲ್ಕು ಪಾಲು. ನಾಲ್ಕು ವರ್ಷದ ಹಿಂದೆ ಎದುರು ಮನೆ ಮಾಮ ಮೇಲೆ ಎರಡು ಮಹಡಿ ಕಟ್ಟಿಸಿ ಬಾಡಿಗೆಗೆ ಕೊಟ್ರು. ನೀರು ಸಾಲ್ಲಿಲ್ಲ. ತಮ್ಮ ಜಾಗದಲ್ಲೇ ಬೇರೆ ಬೋರ್ ಹಾಕ್ಸಿದ್ರು, ಹಳೇದಕ್ಕಿಂತ ಆಳಕ್ಕೆ. ಮುಂದಿನ ಬೇಸಿಗೆಗೆ ನಮ್ಮದು ಗಾಳಿ ಉಗುಳೋಕೆ ಶುರು ಮಾಡ್ತು. ಅಪ್ಪ ಬಾಯಿಗೆ ಬಂದಂಗೆ ಮಾತಾಡಿದ್ರು, ಮಾಮನೂ ಬಿಡ್ಲಿಲ್ಲ. ಆವತ್ತಿಂದ ಮಾತಿಲ್ಲ. ಯುಗಾದಿಗೆ ಹೋಳಿಗೆ ಕೊಡೋದೂ ನಿಂತೋಯ್ತು. ಅವರ ಮಗಳು ನನ್ನ ಜೊತೆ ಒಂದನೇ ಕ್ಲಾಸಿಂದ ಓದಿದವಳು, ಈಗ ಓಣಿಯಲ್ಲಿ ಎದುರಾದ್ರೆ ಇಬ್ಬರೂ ಫೋನ್ ನೋಡ್ತೀವಿ.

ಈ ಬೇಸಿಗೆ ಅವರ ಬೋರೂ ಕೈ ಕೊಟ್ಟಿದೆ. ಈಗ ಟ್ಯಾಂಕರ್ ಬಂದಾಗ ಅವರ ಬಿಂದಿಗೆ, ನಮ್ಮ ಬಿಂದಿಗೆ ಒಂದೇ ಸಾಲಲ್ಲಿ. ಮಾತು ಮಾತ್ರ ಇಲ್ಲ.

ಕಿನೋಸಾಕಿ ಕಥೆಯನ್ನ ತಾತನಿಗೆ ಹೇಳಿದೆ. ಪೂರ್ತಿ ಕೇಳಿ ಒಂದೇ ಮಾತು ಅಂದ್ರು, "ಅವರು ಕೌಲು ಮಾಡ್ಕೊಂಡ್ರು ಅನ್ನು."

ನಾನು ಹುಟ್ಟಿದಾಗಿಂದ ಕೌಲ್ ಬಜಾರ್ ಅಂತ ಅಡ್ರೆಸ್ ಬರೀತಿದ್ದೀನಿ, ಆ ಪದದ ಅರ್ಥ ಯಾವತ್ತೂ ಕೇಳಿರ್ಲಿಲ್ಲ. ಕೌಲು ಅಂದ್ರೆ ಕೊಟ್ಟ ಮಾತು, ಕರಾರು, ಬರೆದುಕೊಟ್ಟ ಒಪ್ಪಂದ. ಅರಬ್ಬೀ ಮೂಲದ ಪದ, ನಮ್ಮ ಹಳೇ ಕಂದಾಯದ ಕಾಗದಗಳಲ್ಲಿ ಸಾಮಾನ್ಯ. 1800ರಲ್ಲಿ ನಿಜಾಮ ಈ ಸೀಮೆಯನ್ನ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ, ಬಳ್ಳಾರಿಯಲ್ಲಿ ಸೈನ್ಯದ ದಂಡು ನಿಂತಿತು, ದಂಡಿನ ಪಕ್ಕ ಈ ಬಜಾರು ಬೆಳೀತು. ಕೌಲು ಬರೆದುಕೊಟ್ಟು ವ್ಯಾಪಾರಸ್ಥರನ್ನ ಕರೆಸಿ ಕೂರಿಸಿದ್ದಕ್ಕೇ ಈ ಹೆಸರು ಅಂತ ನಮ್ಮ ಕಡೆ ಹಿರಿಯರು ಹೇಳ್ತಾರೆ. ಇಡೀ ಬಡಾವಣೆಯ ಹೆಸರೇ ಒಪ್ಪಂದ. ಅದರೊಳಗಿನ ಒಂದು ಓಣಿಗೆ ನಾಲ್ಕು ಮನೆ ಕೂಡಿ ಒಂದು ಒಪ್ಪಂದ ಮಾಡ್ಕೊಳ್ಳೋಕೆ ಆಗ್ತಿಲ್ಲ.

ಅದಕ್ಕೆ ಪಾರ್ಟ್‌ನರ್‌ಶಿಪ್ ಡೀಡ್ ಓದಿದ್ದು ಉಪಯೋಗಕ್ಕೆ ಬರ್ಲಿ ಅಂತ ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಬರೆದೆ. ಒಂದು, ಎರಡೂ ಬೋರ್ ನಾಲ್ಕೂ ಮನೆಗೆ ಸೇರಿದ್ದು. ಎರಡು, ಮೋಟರಿಗೆ ಟೈಂ ಪಟ್ಟಿ, ಮತ್ತೆ ಗೋಡೆ ಮೇಲೆ. ಮೂರು, ಕರೆಂಟ್ ಬಿಲ್ಲು ಮನೆಯಲ್ಲಿರೋ ಜನರ ಲೆಕ್ಕದಲ್ಲಿ. ನಾಲ್ಕು, ನಾಲ್ಕೂ ಮನೆಯ ಮಾಳಿಗೆಯ ಮಳೆನೀರು ಪೈಪಿನಲ್ಲಿ ಹಳೇ ಬೋರಿನ ಪಕ್ಕದ ಇಂಗುಗುಂಡಿಗೆ. ಐದು, ಯಾರೂ ಒಬ್ಬರೇ ಹೊಸ ಬೋರ್ ಹಾಕ್ಸೋ ಹಾಗಿಲ್ಲ.

ತಾತ ಕನ್ನಡಕ ಹಾಕ್ಕೊಂಡು ಓದಿದ್ರು. ಆರನೇದು ಅವರೇ ಸೇರಿಸಿದ್ರು: ನೀರು ಕಮ್ಮಿ ಆದ ದಿನ ಮೊದಲ ಸರದಿ ಬಾಡಿಗೆ ಮನೆಯವರಿಗೆ. ಯಾಕೆ ಅಂದೆ. "ಅವರಿಗೆ ಬೋರ್ ಹಾಕ್ಸೋಕೆ ಜಾಗಾನೇ ಇಲ್ಲಲ್ಲಪ್ಪ" ಅಂದ್ರು.

ಅಪ್ಪ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಭಾನುವಾರ ಬೆಳಗ್ಗೆ ತಾತ ಮತ್ತೆ ನಾನು ಆ ಹಾಳೆ ತಗೊಂಡು ಎದುರು ಮನೆಗೆ ಹೋಗ್ತೀವಿ. ಕಿನೋಸಾಕಿಗೆ 23 ವರ್ಷ ಬೇಕಾಯ್ತು, ನಮಗೆ ಆಗಿರೋದು ನಾಲ್ಕೇ. ಮಾಮ ಬಾಗಿಲು ತೆಗೀತಾರೋ ಇಲ್ವೋ ಗೊತ್ತಿಲ್ಲ.

ಎದುರು ಮನೆಯವಳೇ, ನೀನು ನನ್ನ ಅನ್‌ಫಾಲೋ ಮಾಡಿಲ್ಲ ಅಂತ ಗೊತ್ತು. ಇಲ್ಲೀವರೆಗೂ ಓದಿದ್ರೆ ಭಾನುವಾರ ಒಂಬತ್ತಕ್ಕೆ ಬಾಗಿಲು ನೀನೇ ತೆಗಿ. ಚಹಾ ಬೇಡ, ನೀರು ಕಮ್ಮಿ ಇದೆ.

#ಕೌಲ್‌ಬಜಾರ್ #ಬಳ್ಳಾರಿ #ಓದಿದ್ದುಹೇಳ್ತೀನಿ